ಸಿಪಿಆರ್ ಮಾಡುವಾಗ ಎದೆ ಎಷ್ಟು ಆಳ ಒತ್ತಬೇಕು? ಪದೇ ಪದೇ ಕೇಳೋ ಪ್ರಶ್ನೆಗಳು

2025ರ ಜೂನ್‌ನಲ್ಲಿ ಹಾಸನ ಜಿಲ್ಲೇಲಿ ಚಿಕ್ಕ ವಯಸ್ಸಿನೋರೂ ಹಾರ್ಟ್ ಅಟ್ಯಾಕಿಂದ ಹೋಗ್ತಿದಾರೆ ಅಂತ ದಿನಾ ಸುದ್ದಿ ಬರೋಕೆ ಶುರುವಾಯ್ತಲ್ಲ, ಆಗಿಂದ ನಮ್ಮ ಕಡೆ ಸಿಪಿಆರ್, ಅಂದ್ರೆ ಹೃದಯ ನಿಂತೋರ ಎದೆ ಒತ್ತಿ ರಕ್ತ ಓಡಿಸೋ ತುರ್ತು ವಿಧಾನ, ಕಲೀಬೇಕು ಅನ್ನೋರು ಜಾಸ್ತಿ ಆಗಿದಾರೆ. ಸರ್ಕಾರ ಆಗ ಜಯದೇವ ಆಸ್ಪತ್ರೆ ನಿರ್ದೇಶಕರಾಗಿದ್ದ ಡಾ. ಕೆ.ಎಸ್. ರವೀಂದ್ರನಾಥ್ ಅವ್ರ ನೇತೃತ್ವದಲ್ಲಿ ಸಮಿತಿ ಮಾಡಿ ಕಾರಣ ಹುಡುಕಿಸ್ತು, ಆ ಚರ್ಚೆ ಒಂದು ಕಡೆ ಇರ್ಲಿ. ಕಣ್ಣೆದುರೇ ಯಾರಾದ್ರೂ ಕುಸಿದು ಬಿದ್ರೆ ಮೊದಲ ಕೆಲವು ನಿಮಿಷ ಡಾಕ್ಟ್ರ ಕೈಲಿರಲ್ಲ, ಪಕ್ಕದಲ್ಲಿ ನಿಂತಿರೋರ ಕೈಲಿರುತ್ತೆ. ಸಿಪಿಆರ್ ಗೊತ್ತು, ಮೊಬೈಲಲ್ಲಿ ವಿಡಿಯೋ ನೋಡಿದೀನಿ ಅನ್ನೋರನ್ನ ಡಮ್ಮಿ (ತರಬೇತಿಗೆ ಬಳಸೋ ಮನುಷ್ಯಾಕಾರದ ಬೊಂಬೆ) ಮುಂದೆ ಕೂರಿಸಿದ್ರೆ ಹೆಚ್ಚುಕಮ್ಮಿ ಎಲ್ರೂ ಒಂದೇ ಕಡೆ ಸೋಲ್ತಾರೆ. ಜಾಗ ಸರಿ ಇರುತ್ತೆ, ಸ್ಪೀಡೂ ಸುಮಾರಾಗಿರುತ್ತೆ, ಆದ್ರೆ ಒತ್ತಿದ್ದು ಸಾಕಾಗಿರಲ್ಲ. ಅದಕ್ಕೇ ಈ ಪ್ರಶ್ನೋತ್ತರದಲ್ಲಿ ಆಳದ ವಿಷ್ಯಕ್ಕೇ ಜಾಸ್ತಿ ಜಾಗ ಕೊಟ್ಟಿದೀನಿ, ಮಿಕ್ಕಿದ್ದು ಅದರ ಸುತ್ತ ಬರುತ್ತೆ.

ಸುತ್ತಿ ಬಳಸಿ ಬೇಡ, ಎಷ್ಟು ಆಳ ಒತ್ತಬೇಕು ಹೇಳಿ?

ದೊಡ್ಡೋರಿಗೆ ಕನಿಷ್ಠ 5 ಸೆಂಟಿಮೀಟರ್, 6 ದಾಟಬಾರ್ದು. ಇಂಚಲ್ಲಿ ಹೇಳ್ಬೇಕಂದ್ರೆ 2 ಇಂಚಿಗೆ ಕಮ್ಮಿ ಆಗ್ಬಾರ್ದು. ನಿಮಿಷಕ್ಕೆ 100ರಿಂದ 120 ಸಲ. ಪ್ರತಿ ಸಲ ಒತ್ತಿದ ಮೇಲೆ ಎದೆ ಪೂರ್ತಿ ಮೇಲೆ ಬರೋಕೆ ಬಿಡ್ಬೇಕು, ಮಧ್ಯೆ ನಿಲ್ಲಿಸ್ಬಾರ್ದು.

5 ಸೆಂಟಿಮೀಟರ್ ಅಂದ್ರೆ ಎಷ್ಟು ಅಂತ ಕಣ್ಣಳತೇಲಿ ಹೇಗೆ ತಿಳ್ಕೊಳ್ಳೋದು?

ಜೇಬಲ್ಲಿರೋ ಎಟಿಎಂ ಕಾರ್ಡ್ ತೆಗೀರಿ. ಅದರ ಗಿಡ್ಡ ಬದಿ ಇದ್ಯಲ್ಲ, ಅದು 5.4 ಸೆಂಟಿಮೀಟರ್, ಎಲ್ಲಾ ಬ್ಯಾಂಕಿನ ಕಾರ್ಡೂ ಒಂದೇ ಅಳತೆ. ಅಂದ್ರೆ 5ಕ್ಕೂ 6ಕ್ಕೂ ಮಧ್ಯೆ, ನಮಗೆ ಬೇಕಾದಷ್ಟೇ. ಕಾರ್ಡನ್ನ ಟೇಬಲ್ ಮೇಲೆ ಉದ್ದ ಬದಿ ಕೆಳಗೆ ಬರೋ ಹಾಗೆ ನಿಲ್ಲಿಸಿ ನೋಡಿ, ಎದೆ ಅಷ್ಟು ಒಳಗೆ ಹೋಗ್ಬೇಕು. ತರಬೇತೀಲಿ ಇದನ್ನ ತೋರ್ಸಿದ್ರೆ ಅರ್ಧಕ್ಕರ್ಧ ಜನ “ಅಯ್ಯೋ ಅಷ್ಟೊಂದಾ?” ಅಂತಾರೆ. ಹೌದು, ಅಷ್ಟು. ಮನಸಲ್ಲಿ ಅಂದ್ಕೊಂಡಿರೋ 5 ಸೆಂಟಿಮೀಟರ್ ನಿಜವಾದ 5ಕ್ಕಿಂತ ಯಾವಾಗ್ಲೂ ಚಿಕ್ಕದಿರುತ್ತೆ.

ಸರಿ, ಆದ್ರೆ ಒತ್ತುವಾಗ ಸ್ಕೇಲ್ ಇಟ್ಕೊಂಡು ನೋಡೋಕಾಗಲ್ವಲ್ಲ, ಅಷ್ಟು ಹೋಯ್ತು ಅಂತ ಗೊತ್ತಾಗೋದು ಹೇಗೆ?

ಒಳ್ಳೇ ಪ್ರಶ್ನೆ, ನಿಜವಾದ ಕಷ್ಟ ಇರೋದು ಇಲ್ಲೇ. ಬರೀ ಕಣ್ಣಲ್ಲಿ ನೋಡಿ ಆಳ ಹೇಳೋದು ಆಸ್ಪತ್ರೇಲಿ ಕೆಲ್ಸ ಮಾಡೋರಿಗೂ ಸುಲಭ ಅಲ್ಲ. ಇಷ್ಟು ಕೆಜಿ ಭಾರ ಹಾಕಿ ಅಂತ ಹೇಳೋಕೂ ಬರಲ್ಲ, ಒಬ್ಬೊಬ್ರ ಎದೆ ಒಂದೊಂದು ಥರ. ತೆಳ್ಳಗಿರೋ ಹುಡುಗನ ಎದೆ ಬೇಗ ಬಗ್ಗುತ್ತೆ, ತೋಟದಲ್ಲಿ ಮೈಮುರಿದು ದುಡಿದ ಗಟ್ಟಿ ಆಳಿಂದು ಬಗ್ಗಲ್ಲ, ವಯಸ್ಸಾದೋರದ್ದು ಮೊದಮೊದಲು ಬಿಗಿ ಇದ್ದು ಆಮೇಲೆ ಸಡಿಲ ಆಗುತ್ತೆ. ಹಂಗಾಗಿ ಭಾರ ಲೆಕ್ಕ ಹಾಕೋಕೆ ಹೋಗ್ಬೇಡಿ, ಎದೆ ಎಷ್ಟು ಕೆಳಗೆ ಹೋಯ್ತು ಅನ್ನೋದರ ಮೇಲೆ ಗಮನ ಇರ್ಲಿ.

ಅದಕ್ಕೆ ಮೈ ಕೂರಿಸ್ಕೊಳ್ಳೋ ರೀತಿ ಮುಖ್ಯ. ಬಿದ್ದಿರೋರ ಪಕ್ಕ, ಅವ್ರ ಎದೆಗೆ ಅಂಟಿಕೊಂಡ ಹಾಗೆ ಮಂಡಿಯೂರಿ. ಒಂದು ಅಂಗೈ ಬುಡ ಎದೆಮೂಳೆ ಮೇಲೆ, ಇನ್ನೊಂದು ಕೈ ಅದರ ಮೇಲೆ, ಬೆರಳು ಹೆಣೆದು ಮೇಲಕ್ಕೆತ್ತಿ, ಪಕ್ಕೆಲುಬಿಗೆ ತಾಗ್ಬಾರ್ದು. ಮೊಣಕೈ ನೆಟ್ಟಗೆ, ಬಗ್ಗಲೇಬಾರ್ದು. ಈಗ ನಿಮ್ಮ ಭುಜ ಸೀದಾ ಕೈ ಮೇಲೆ ಬರೋವರೆಗೂ ಮುಂದಕ್ಕೆ ಬಾಗಿ, ಅಲ್ಲಿಂದ ಸೊಂಟದಿಂದ ಮೇಲಿನ ಭಾರ ಇಳಿಸಿ. ರಟ್ಟೆ ಬಲದಲ್ಲಿ ಒತ್ತೋಕೆ ಹೋದೋರು ಅರ್ಧ ನಿಮಿಷಕ್ಕೇ ಸುಸ್ತಾಗ್ತಾರೆ, ಮೈಭಾರದಲ್ಲಿ ಒತ್ತೋ ಸಣ್ಣ ಹೆಣ್ಮಗಳೂ 5 ಸೆಂಟಿಮೀಟರ್ ಮುಟ್ತಾಳೆ. ಪಿಯುಸಿ ಓದೋ ಹುಡುಗೀರು ಅವ್ರ ಜೊತೆ ಬಂದ ಗಟ್ಟಿಮುಟ್ಟು ಗಂಡಸರಿಗಿಂತ ಚೆನ್ನಾಗಿ ಒತ್ತಿದ್ದನ್ನ ನೋಡಿದೀನಿ, ಕಾರಣ ಇಷ್ಟೇ, ಹೇಳಿದ ಹಾಗೆ ಭುಜ ಮುಂದಕ್ಕೆ ತಂದ್ರು.

ಇನ್ನು ಡಮ್ಮಿ. ತುಂಬಾ ಡಮ್ಮಿಗಳಲ್ಲಿ ಸರಿಯಾದ ಆಳ ಮುಟ್ಟಿದ್ರೆ ಟಕ್ ಅಂತ ಸದ್ದು ಬರುತ್ತೆ ಇಲ್ಲಾ ಲೈಟ್ ಹತ್ತುತ್ತೆ. ಆ ಸದ್ದು ಬರೋವರೆಗೆ ಎಷ್ಟು ಬಗ್ಗಬೇಕು ಅನ್ನೋದನ್ನ ನಿಮ್ಮ ಮೈ ಒಂದ್ಸಲ ಕಲಿತ್ರೆ ಆಮೇಲೆ ಲೆಕ್ಕ ಬೇಕಾಗಲ್ಲ. ಓದಿ ಬರೋ ವಿದ್ಯೆ ಅಲ್ಲ ಇದು, ಇದನ್ನೆಲ್ಲಾ ಬರೀತಿರೋ ನಾನೇ ಹೇಳ್ತೀನಿ. ಕೆಲವು ಆಸ್ಪತ್ರೆಗಳಲ್ಲಿ ಎದೆ ಮೇಲೆ ಇಡೋ ಸಣ್ಣ ಸೆನ್ಸರ್ ಇರುತ್ತೆ, ಎಷ್ಟು ಆಳ ಹೋಯ್ತು ಅಂತ ಅದೇ ತೋರ್ಸುತ್ತೆ, ಕೆಲವು ಎಇಡಿ (ನಿಂತ ಹೃದಯಕ್ಕೆ ಶಾಕ್ ಕೊಡೋಕೆ ಜನಸಾಮಾನ್ಯರೂ ಬಳಸ್ಬೋದಾದ ಯಂತ್ರ) ಮೆಷಿನ್ನೂ “ಇನ್ನೂ ಜೋರಾಗಿ ಒತ್ತಿ” ಅಂತ ಹೇಳುತ್ತೆ. ಅದಿಲ್ದಿರೋ ಕಡೆ ಒಂದೇ ನಿಯಮ, ಸಾಕಾಯ್ತೋ ಇಲ್ವೋ ಅನ್ನೋ ಅನುಮಾನ ಬಂದ್ರೆ ಸಾಕಾಗಿಲ್ಲ ಅಂತಾನೇ ಅರ್ಥ.

ಈ 5 ಅನ್ನೋ ನಂಬರ್ ಎಲ್ಲಿಂದ ಬಂತು? ಮೊದ್ಲು ಬೇರೆ ಹೇಳ್ತಿದ್ರಲ್ಲ?

ಹೌದು, ಬದಲಾಗ್ತಾ ಬಂದಿದೆ. ಅಮೆರಿಕದ ಬಾಲ್ಟಿಮೋರ್‌ನಲ್ಲಿ ಜಾನ್ಸ್ ಹಾಪ್ಕಿನ್ಸ್ ಅಂತ ಇದೆ, ಅಲ್ಲಿ ವಿಲಿಯಂ ಕೌವೆನ್‌ಹೋವೆನ್ ಅಂತ ಒಬ್ರು ಎಲೆಕ್ಟ್ರಿಕಲ್ ಇಂಜಿನಿಯರ್, ಅವ್ರ ಜೊತೆ ಗೈ ನಿಕರ್‌ಬಾಕರ್, ಮತ್ತೆ ಸರ್ಜನ್ ಜೇಮ್ಸ್ ಜೂಡ್. ನಾಯಿಗಳ ಮೇಲೆ ಶಾಕ್ ಕೊಡೋ ಮೆಷಿನ್ ಪರೀಕ್ಷೆ ಮಾಡುವಾಗ ಅದರ ಪ್ಯಾಡಲ್ ಗಟ್ಟಿಯಾಗಿ ಒತ್ತಿದ್ರೆ ಸಾಕು ಬಿಪಿ ಏರುತ್ತೆ ಅನ್ನೋದು ಕಣ್ಣಿಗೆ ಬಿತ್ತು, ಅದನ್ನೇ ಹಿಡ್ಕೊಂಡು ಹೋಗಿ ಎದೆ ಕುಯ್ಯದೇನೇ ಹೃದಯ ನಡೆಸೋ ಈ ವಿಧಾನವನ್ನ 1960ರಲ್ಲಿ ಪ್ರಕಟ ಮಾಡಿದ್ರು. ಆಗ ಅವ್ರು ಹೇಳಿದ್ದು 3ರಿಂದ 4 ಸೆಂಟಿಮೀಟರ್. ಅಮೆರಿಕನ್ ಹಾರ್ಟ್ ಅಸೋಸಿಯೇಷನ್‌ನ 2005ರ ಮಾರ್ಗಸೂಚೀಲಿ 4ರಿಂದ 5 ಇತ್ತು, 2010ರಲ್ಲಿ ಕನಿಷ್ಠ 5 ಅಂತ ಮಾಡಿದ್ರು, 2015ರಲ್ಲಿ 6 ದಾಟಬೇಡಿ ಅಂತ ಮೇಲಿನ ಮಿತೀನೂ ಸೇರ್ಸಿದ್ರು. ಆಮೇಲೆ ಬಂದ 2020ರ, 2025ರ ಮಾರ್ಗಸೂಚೀಲೂ ದೊಡ್ಡೋರಿಗೆ ಇದೇ ಉಳ್ಕೊಂಡಿದೆ.

ಇಲ್ಲಿ ಒಂದು ಸೂಕ್ಷ್ಮ ಇದೆ. 2014ರಲ್ಲಿ ಅಮೆರಿಕ, ಕೆನಡಾದ 9,000ಕ್ಕೂ ಹೆಚ್ಚು ರೋಗಿಗಳ ದಾಖಲೆ ನೋಡಿದ ಒಂದು ದೊಡ್ಡ ಅಧ್ಯಯನ ಬಂತು, ಅದರಲ್ಲಿ ಬದುಕುಳಿದೋರು ಜಾಸ್ತಿ ಇದ್ದಿದ್ದು 4ರಿಂದ 5.5 ಸೆಂಟಿಮೀಟರ್ ಒಳಗೆ, ಅದ್ರಲ್ಲೂ 4.5ರ ಆಸುಪಾಸಲ್ಲಿ. ಹಾಗಾದ್ರೆ 5 ಯಾಕೆ ಅಂತ ಕೇಳ್ಬೋದು. ಜನ ಒತ್ತೋದು ಯಾವಾಗ್ಲೂ ಗುರಿಗಿಂತ ಕಮ್ಮಿ, 4.5 ಅಂತ ಹೇಳಿಕೊಟ್ರೆ 3.5ಕ್ಕೆ ನಿಂತ್ಕೋತಾರೆ. ಹಾಗಾಗಿ ಕನಿಷ್ಠ 5 ಅಂತ ಹೇಳೋದೇ ಸರಿ ಅಂತ ನನ್ನ ಅಭಿಪ್ರಾಯ, ಡಮ್ಮಿ ಮುಂದೆ ಜನರ ಕೈ ನೋಡಿ ನೋಡಿ ಬಂದ ಅಭಿಪ್ರಾಯ ಇದು.

ಕಮ್ಮಿ ಒತ್ತಿದ್ರೆ ಏನಾಗುತ್ತೆ? ಸ್ವಲ್ಪನಾದ್ರೂ ಪ್ರಯೋಜನ ಇಲ್ವಾ?

ಏನೂ ಮಾಡದೇ ಇರೋದಕ್ಕಿಂತ ಮೇಲು. ಆದ್ರೆ ಒಳಗೆ ಏನ್ ನಡೀತಿದೆ ಅಂತ ಗೊತ್ತಾದ್ರೆ ನೀವೇ ಜೋರಾಗಿ ಒತ್ತೋಕೆ ಶುರು ಮಾಡ್ತೀರ. ಹೃದಯ ನಿಂತಿದೆ, ರಕ್ತ ಓಡ್ತಿಲ್ಲ. ಎದೆಮೂಳೆಗೂ ಬೆನ್ನುಮೂಳೆಗೂ ಮಧ್ಯೆ ಹೃದಯ ಅದುಮಿದಾಗ, ಎದೆ ಒಳಗಿನ ಒತ್ತಡ ಏರಿದಾಗ ರಕ್ತ ಮೆದುಳಿನ ಕಡೆ ಹೊರಡುತ್ತೆ. ಎಷ್ಟೇ ಚೆನ್ನಾಗಿ ಮಾಡಿದ್ರೂ ಸಿಪಿಆರಿಂದ ಸಿಗೋದು ಮಾಮೂಲಿ ರಕ್ತದ ಹರಿವಿನ ಕಾಲು ಭಾಗದಿಂದ ಮೂರನೇ ಒಂದು ಭಾಗ ಅಷ್ಟೇ, ಅದೂ ಸರಿಯಾದ ಆಳ ಇದ್ರೆ. 3 ಸೆಂಟಿಮೀಟರ್ ಒತ್ತಿದ್ರೆ ಇರೋದೇ ಕಮ್ಮಿ, ಅದ್ರಲ್ಲೂ ಕಮ್ಮಿ ಆಯ್ತು.

ಇನ್ನೊಂದು ವಿಷ್ಯ, ಹೃದಯಕ್ಕೇ ರಕ್ತ ಕೊಡೋ ನಾಳಗಳಲ್ಲಿ ಒತ್ತಡ ಒಂದೇ ಸಲಕ್ಕೆ ಏರಲ್ಲ, ಒಂದರ ಮೇಲೊಂದು ಒತ್ತುತ್ತಾ ಹೋದ ಹಾಗೆ ನಿಧಾನಕ್ಕೆ ಕಟ್ಕೊಂಡು ಬರುತ್ತೆ. ನೀವು ಬೆವರು ಒರೆಸ್ಕೊಳ್ಳೋಕೆ ನಿಲ್ಸಿದ್ರೆ ಅದು ತಕ್ಷಣ ಬಿದ್ದೋಗುತ್ತೆ, ಮತ್ತೆ ಮೊದಲಿಂದ ಕಟ್ಟಬೇಕು. ಯಾವ ಕಾರಣಕ್ಕೂ 10 ಸೆಕೆಂಡಿಗಿಂತ ಜಾಸ್ತಿ ನಿಲ್ಲಿಸ್ಬೇಡಿ ಅಂತ ಹೇಳೋದು ಅದಕ್ಕೆ.

ಜೋರಾಗಿ ಒತ್ತಿದ್ರೆ ಪಕ್ಕೆಲುಬು ಮುರಿಯಲ್ವಾ?

ಮುರೀಬೋದು. ಅದ್ರಲ್ಲೂ ವಯಸ್ಸಾದೋರಲ್ಲಿ. ಕೈ ಕೆಳಗೆ ಕಟಕ್ ಅಂದಾಗ ಎಂಥೋರಿಗೂ ಜೀವ ಝಲ್ ಅನ್ನುತ್ತೆ, ಅಲ್ಲೇ ಕೈ ತೆಗೆದುಬಿಡೋರು ಇದಾರೆ. ತೆಗೀಬೇಡಿ. ಕೈ ಇರೋ ಜಾಗ ಸರಿ ಇದ್ಯಾ ಅಂತ ಒಂದ್ಸಲ ನೋಡ್ಕೊಂಡು ಮುಂದುವರೆಸಿ. ಹೃದಯ ನಿಂತಿರೋ ಮನುಷ್ಯ ಆಗ್ಲೇ ಸತ್ತ ಸ್ಥಿತೀಲಿ ಇದಾನೆ, ಪಕ್ಕೆಲುಬು ಕೂಡ್ಕೊಳ್ಳುತ್ತೆ, ಹೋದ ಜೀವ ಬರಲ್ಲ. ಫಿನ್‌ಲ್ಯಾಂಡಿನ ಡಾಕ್ಟರ್‌ಗಳು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 6 ಸೆಂಟಿಮೀಟರ್ ದಾಟಿದಾಗ ಗಂಡಸರಲ್ಲಿ ಒಳಗಾಯ ಜಾಸ್ತಿ ಕಂಡುಬಂತು, ಮೇಲಿನ ಮಿತಿ ಬಂದಿದ್ದಕ್ಕೆ ಇಂಥದ್ದೇ ಕಾರಣ. ಆದ್ರೆ ಮಾಮೂಲಿ ಜನ 6 ದಾಟ್ತಾರೆ ಅನ್ನೋ ಚಿಂತೆ ನಂಗಿಲ್ಲ, 5 ಮುಟ್ಟಲ್ಲ ಅನ್ನೋದೇ ಚಿಂತೆ.

ಅಕಸ್ಮಾತ್ ಹೃದಯ ನಿಂತೇ ಇಲ್ದಿರೋರಿಗೆ ಒತ್ತಿಬಿಟ್ರೆ?

ನೋವಾಗುತ್ತೆ, ಕೈ ತಳ್ತಾರೆ, ನರಳ್ತಾರೆ, ಆಗ ನಿಲ್ಲಿಸಿ. ದೊಡ್ಡ ಹಾನಿ ಆಗೋದು ಅಪರೂಪ. ಮಾಡ್ಬೇಕಾದೋರಿಗೆ ಮಾಡದೇ ಇರೋದೇ ಪ್ರಾಣಕ್ಕೆ ತರೋದು.

ಮಾಡ್ಬೇಕೋ ಬೇಡ್ವೋ ಅಂತ ತೀರ್ಮಾನ ಮಾಡೋದು ಹೇಗೆ?

ಭುಜ ತಟ್ಟಿ ಜೋರಾಗಿ ಕೂಗಿ. “ಅಣ್ಣಾ, ಏನಾಯ್ತು, ಕಣ್ ಬಿಡಿ” ಅಂತ. ಮಿಸುಕಾಡಲಿಲ್ಲ ಅಂದ್ರೆ ಎದೆ ಕಡೆ ನೋಡಿ, 10 ಸೆಕೆಂಡ್ ಒಳಗೆ, ಉಸಿರಾಟ ಇದ್ಯಾ ಅಂತ. ಉಸಿರಿಲ್ಲ ಅಥವಾ ಸರಿಯಾದ ಉಸಿರಲ್ಲ ಅಂದ್ರೆ ಶುರು ಮಾಡಿ. ನಾಡಿ ಹುಡುಕ್ತಾ ಕೂರ್ಬೇಡಿ, ಅದು ಕಲಿತೋರಿಗೂ ತಪ್ಪುತ್ತೆ.

“ಸರಿಯಾದ ಉಸಿರಲ್ಲ” ಅಂದಿದ್ದು ಯಾಕೆ ಅಂದ್ರೆ, ಹೃದಯ ನಿಂತ ಮೊದಲ ನಿಮಿಷಗಳಲ್ಲಿ ಕೆಲವ್ರು ಬಾಯಿ ಕಳೆದು ಗೊರಗೊರ ಅಂತ ಒಂದೊಂದೇ ಉಸಿರು ಎಳೀತಾರೆ, ನಮ್ಮ ಕಡೆ ಮೇಲುಸಿರು ಅಂತೀವಲ್ಲ ಅದೇ. ನೋಡಿದೋರು “ಉಸಿರಾಡ್ತಿದಾರೆ, ಏನಾಗಿಲ್ಲ” ಅಂದ್ಕೊಂಡು ಬೀಸಣಿಗೆ ಬೀಸ್ತಾರೆ. ಅದು ಉಸಿರಾಟ ಅಲ್ಲ. ಇನ್ನು ಕೆಲವ್ರಿಗೆ ಬಿದ್ದ ತಕ್ಷಣ ಕೈಕಾಲು ಅದುರುತ್ತೆ, ಫಿಟ್ಸ್ ಅಂತ ತಿಳ್ಕೊಂಡು ಕೈಗೆ ಬೀಗದಕೈ ಗೊಂಚಲು ತುರುಕೋದು, ಬಾಯಿಗೆ ನೀರು ಹಾಕೋದು ಮಾಡ್ತಾರೆ. ದಯವಿಟ್ಟು ಬೇಡ. ಪ್ರಜ್ಞೆ ಇಲ್ದಿರೋರ ಬಾಯಿಗೆ ನೀರು ಹಾಕಿದ್ರೆ ಅದು ಶ್ವಾಸಕೋಶಕ್ಕೆ ಹೋಗುತ್ತೆ. ಅದುರೋದು ನಿಂತ ಕೂಡ್ಲೇ ಉಸಿರು ನೋಡಿ.

ಎದೆನೋವು ಅಂತ ಕೂತ್ಕೊಂಡು ಮಾತಾಡ್ತಿರೋರಿಗೆ ಸಿಪಿಆರ್ ಅಲ್ಲ. ಅವ್ರನ್ನ ಬೇಗ ಇಸಿಜಿ ತೆಗೆಯೋ ಜಾಗಕ್ಕೆ ಮುಟ್ಟಿಸ್ಬೇಕು. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೇಲಿ ತಾಲ್ಲೂಕು ಆಸ್ಪತ್ರೇಲೇ ಇಸಿಜಿ ನೋಡಿ, ಬೇಕಾದೋರಿಗೆ ರಕ್ತದ ಗಡ್ಡೆ ಕರಗಿಸೋ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ದುಡ್ಡಿಲ್ದೆ ಕೊಡ್ತಾರೆ. ಗ್ಯಾಸ್ಟ್ರಿಕ್ ಅಂತ ಸೋಡಾ ಕುಡಿದು ಮಲಗೋದು ಬಿಡಿ.

ಮಂಚದ ಮೇಲೆ ಮಲಗಿದ್ದಾಗ ಹಾಗಾದ್ರೆ ಅಲ್ಲೇ ಒತ್ತಬೋದಾ?

ಬೇಡ. ಕೆಳಗಿಳಿಸಿ. ಹತ್ತಿ ಹಾಸಿಗೆ, ಫೋಮ್ ಹಾಸಿಗೆ, ಸ್ಪ್ರಿಂಗ್ ಮಂಚ, ಇವೆಲ್ಲಾ ನೀವು ಒತ್ತಿದ ಆಳದಲ್ಲಿ ಪಾಲು ತಿನ್ನುತ್ತೆ. ನಿಮ್ಮ ಕೈ 6 ಸೆಂಟಿಮೀಟರ್ ಕೆಳಗೆ ಹೋಗಿದ್ದು ಕಾಣುತ್ತೆ, ಅದ್ರಲ್ಲಿ ಎದೆ ಬಗ್ಗಿದ್ದು 4, ಹಾಸಿಗೆ ಬಗ್ಗಿದ್ದು 2 ಅಂತಾದ್ರೆ ಏನ್ ಬಂತು? ಸೆನ್ಸರ್ ಇಟ್ರೂ ಇದೇ ಮೋಸ, ಎಷ್ಟೋ ಸೆನ್ಸರ್‌ಗೆ ಎದೆ ಯಾವ್ದು ಹಾಸಿಗೆ ಯಾವ್ದು ಗೊತ್ತಾಗಲ್ಲ, ಎರಡೂ ಸೇರಿಸಿ ತೋರ್ಸುತ್ತೆ. ಆಸ್ಪತ್ರೇಲಿ ಬೆನ್ನ ಕೆಳಗೆ ಹಲಗೆ ತುರುಕೋದು ಇದಕ್ಕೇ. ಮನೇಲಿ ಕಂಬಳಿ ಇಲ್ಲಾ ಬೆಡ್‌ಶೀಟ್ ಸಮೇತ ಇಬ್ರು ಹಿಡಿದು ತಲೆ ಜೋಪಾನ ಮಾಡ್ಕೊಂಡು ನೆಲಕ್ಕೆ ಇಳಿಸಿ. ಸಿಮೆಂಟ್ ನೆಲ, ಕಾಫಿ ಒಣಗಿಸೋ ಕಣ, ರೆಡ್ ಆಕ್ಸೈಡ್ ಜಗಲಿ, ಎಲ್ಲಾ ಒಳ್ಳೇ ಜಾಗಗಳೇ. ತೋಟದಲ್ಲಿ ಇಳಿಜಾರಲ್ಲಿ ಬಿದ್ದಿದ್ರೆ ಹತ್ತಿರದ ಸಮತಟ್ಟಾದ ದಾರಿಗೋ ಗುಂಡಿ ಇಲ್ದಿರೋ ಜಾಗಕ್ಕೋ ಎಳೆದು ತನ್ನಿ, ಎಲೆ ಗೊಬ್ಬರದ ಮೆತ್ತನೆ ಮಣ್ಣಲ್ಲಿ ಒತ್ತಿದ್ರೂ ಹಾಸಿಗೆ ಕಥೇನೇ. ಆದ್ರೆ ಜಾಗ ಹುಡುಕ್ತಾ ನಿಮಿಷಗಟ್ಟಲೆ ಕಳೀಬೇಡಿ, ಕೆಲವೇ ಸೆಕೆಂಡಲ್ಲಿ ಆಗೋದಾದ್ರೆ ಮಾತ್ರ.

“ಪೂರ್ತಿ ಮೇಲೆ ಬರೋಕೆ ಬಿಡಿ” ಅಂತೀರಲ್ಲ, ಅದ್ಯಾಕೆ ಅಷ್ಟು ಮುಖ್ಯ?

ಒತ್ತಿದಾಗ ಹೃದಯ ಖಾಲಿ ಆಗುತ್ತೆ, ಬಿಟ್ಟಾಗ ತುಂಬುತ್ತೆ. ಅರ್ಧಂಬರ್ಧ ಬಿಟ್ರೆ ಅರ್ಧಂಬರ್ಧ ತುಂಬುತ್ತೆ, ಮುಂದಿನ ಸಲ ಒತ್ತಿದಾಗ ಹೋಗೋಕೆ ರಕ್ತವೇ ಇರಲ್ಲ. ಸುಸ್ತಾದೋರು ಗೊತ್ತಿಲ್ದಂಗೆ ಎದೆ ಮೇಲೆ ಭಾರ ಬಿಟ್ಕೊಂಡು ಒರಗ್ತಾರೆ, ಹೊರಗಿಂದ ನೋಡೋಕೆ ಎಲ್ಲಾ ಸರಿ ಇದೆ ಅನ್ನಿಸುತ್ತೆ. ಅಂಗೈ ಎದೆಗೆ ತಾಗಿಕೊಂಡೇ ಇರ್ಲಿ, ಎಗರಿಸಿ ಎಗರಿಸಿ ಹೊಡೀಬೇಡಿ, ಆದ್ರೆ ಭಾರ ಪೂರ್ತಿ ತೆಗೀರಿ. ಇಲ್ಲಿ ಇನ್ನೊಂದು ಗೊಂದಲ ಆಗುತ್ತೆ, ಆಳ ಅಂದ್ರೆ ಎದೆ ಪೂರ್ತಿ ಮೇಲೆ ಬಂದ ಜಾಗದಿಂದ ಅಳೆಯೋದು, ಅರ್ಧ ಒತ್ತಿದ ಜಾಗದಿಂದ ಅಲ್ಲ.

ಸ್ಪೀಡ್ ಜಾಸ್ತಿ ಮಾಡಿದ್ರೆ ಒಳ್ಳೇದಲ್ವಾ?

ಅಲ್ಲ. 120 ದಾಟಿದ್ರೆ ಆಳ ತಾನಾಗೇ ಕಮ್ಮಿ ಆಗುತ್ತೆ, ಎದೆ ಮೇಲೆ ಬರೋಕೂ ಟೈಮ್ ಸಿಗಲ್ಲ. ಗಾಬರೀಲಿ ಎಲ್ರೂ 140, 150ಕ್ಕೆ ಹೋಗ್ತಾರೆ. ಸೆಕೆಂಡಿಗೆ ಎರಡರ ಹತ್ತಿರ ಹತ್ತಿರ, ಅಷ್ಟೇ ಸಾಕು. ಎಣಿಸೋದ್ರಲ್ಲಿ ಒಂದು ಉಪಾಯ: ಒಂದರಿಂದ ಮೂವತ್ತರವರೆಗೆ ಕನ್ನಡದಲ್ಲಿ ಎಣಿಸೋಕೆ ಹೋದ್ರೆ ಇಪ್ಪತ್ತೇಳು, ಇಪ್ಪತ್ತೆಂಟು ಅನ್ನೋ ಹೊತ್ತಿಗೆ ನಾಲಿಗೆ ಉದ್ದ ಆಗಿ ಕೈ ನಿಧಾನ ಆಗುತ್ತೆ, ಅದರ ಬದ್ಲು ಒಂದರಿಂದ ಹತ್ತು ಮೂರು ಸಲ ಎಣಿಸಿ. ಬಾಯಿಬಿಟ್ಟು ಜೋರಾಗಿ ಎಣಿಸಿ, ಪಕ್ಕದಲ್ಲಿರೋರಿಗೂ ಗೊತ್ತಾಗ್ಲಿ. ಮೂವತ್ತು ಮುಗಿಯೋಕೆ 15ರಿಂದ 18 ಸೆಕೆಂಡ್ ಹಿಡಿದ್ರೆ ಸ್ಪೀಡ್ ಸರಿ ಇದೆ.

ಎಷ್ಟು ಹೊತ್ತು ಒಬ್ರೇ ಮಾಡ್ಬೋದು?

2 ನಿಮಿಷಕ್ಕೊಂದ್ಸಲ ಆಳು ಬದಲಾಗ್ಲಿ, ಸುಸ್ತಾದ್ರೆ ಅದಕ್ಕಿಂತ ಮುಂಚೇನೇ. “ನಂಗೇನೂ ಸುಸ್ತಾಗಿಲ್ಲ, ನಾನೇ ಮಾಡ್ತೀನಿ” ಅನ್ನೋರ ಮಾತು ನಂಬಬೇಡಿ. ಒಂದು ನಿಮಿಷ ಆಗೋ ಹೊತ್ತಿಗೆ ಆಳ ಇಳಿಯೋಕೆ ಶುರುವಾಗಿರುತ್ತೆ, ಮಾಡೋರಿಗೆ ಅದು ಗೊತ್ತೇ ಆಗಲ್ಲ, ಪಕ್ಕದಲ್ಲಿ ನಿಂತು ನೋಡೋರಿಗೆ ಗೊತ್ತಾಗುತ್ತೆ. ಅದಕ್ಕೆ ಒಬ್ರು ಒತ್ತುವಾಗ ಇನ್ನೊಬ್ರು ಎದುರುಗಡೆ ಮಂಡಿಯೂರಿ ರೆಡಿ ಇರ್ಲಿ, ಎಣಿಕೆ ಮುಗೀತಿದ್ದ ಹಾಗೆ ಕೈ ಇಡ್ಲಿ. ಬಸ್‌ಸ್ಟ್ಯಾಂಡಲ್ಲೋ ಸಂತೇಲೋ ಆದ್ರೆ ಸುತ್ತ ಜನ ಇರ್ತಾರಲ್ಲ, “ನೀಲಿ ಶರ್ಟ್ ಅಣ್ಣ, ನೀವು 108ಕ್ಕೆ ಫೋನ್ ಮಾಡಿ, ಅಕ್ಕ ನೀವು ಬನ್ನಿ ಮುಂದಿನ ಸರದಿ ನಿಮ್ದು” ಅಂತ ಬೊಟ್ಟು ಮಾಡಿ ಹೇಳಿ. ಯಾರಾದ್ರೂ ಫೋನ್ ಮಾಡಿ ಅಂದ್ರೆ ಯಾರೂ ಮಾಡಲ್ಲ, ವಿಡಿಯೋ ಮಾಡ್ತಾ ನಿಲ್ತಾರೆ.

ಕೈ ಸರಿಯಾಗಿ ಎಲ್ಲಿಡ್ಬೇಕು?

ಎದೆಯ ನಟ್ಟನಡುವೆ, ಎದೆಮೂಳೆಯ ಕೆಳಗಿನ ಅರ್ಧಭಾಗದ ಮೇಲೆ. ಹೃದಯ ಎಡಗಡೆ ಇದೆ ಅಂತ ಎಡಕ್ಕೆ ಒತ್ತೋದು ತಪ್ಪು. ತೀರ ಕೆಳಗೆ, ಹೊಟ್ಟೆ ಶುರುವಾಗೋ ತುದಿ ಮೇಲೂ ಬೇಡ.

ಹೆಂಗಸರಿಗೆ ಮಾಡೋಕೆ ಗಂಡಸರು ಹಿಂಜರೀತಾರೆ, ಏನ್ ಮಾಡೋದು?

ಇದು ನಮ್ಮೂರಲ್ಲಿ ಮಾತ್ರ ಅಲ್ಲ, ಹೊರದೇಶಗಳಲ್ಲೂ ಹೊರಗಡೆ ಬಿದ್ದ ಹೆಂಗಸರಿಗೆ ಜನ ಸಿಪಿಆರ್ ಮಾಡೋದು ಕಮ್ಮಿ ಅಂತ ಅಧ್ಯಯನಗಳು ಹೇಳಿವೆ. ಪ್ರಾಣ ಹೋಗೋ ಹೊತ್ತಲ್ಲಿ ಜನ ಏನಂತಾರೋ ಅಂತ ಕೈ ಕಟ್ಟಿ ನಿಲ್ಲೋದು ಬೇಡ. ಆಳ, ಜಾಗ, ಸ್ಪೀಡ್ ಎಲ್ಲಾ ಅದೇ. ಸೀರೆ, ಚೂಡಿದಾರ್ ಮೇಲಿಂದಾನೇ ಒತ್ತಬೋದು, ಮಾಂಗಲ್ಯ ಸರ ಅಡ್ಡ ಬಂದ್ರೆ ಪಕ್ಕಕ್ಕೆ ಸರಿಸಿ. ದಪ್ಪ ಸ್ವೆಟರ್ ಜರ್ಕಿನ್ ಇದ್ರೆ ಮಾತ್ರ ಬಿಚ್ಚಿ, ಆಳ ಗೊತ್ತಾಗಲ್ಲ. ಎಇಡಿ ಪ್ಯಾಡ್ ಅಂಟಿಸೋಕೆ ಚರ್ಮ ಕಾಣ್ಬೇಕಾಗುತ್ತೆ, ಆಗ ಸುತ್ತ ನಿಂತಿರೋ ಹೆಂಗಸರು ಸೀರೆ ಸೆರಗೋ ಟವೆಲ್ಲೋ ಅಡ್ಡ ಹಿಡಿದ್ರೆ ಆಯ್ತು.

ಬಸುರಿ ಹೆಂಗಸಾದ್ರೆ?

ಅಷ್ಟೇ ಆಳ. ಹೊಟ್ಟೆ ಹೊಕ್ಕಳಿನ ಮಟ್ಟಕ್ಕೆ ಬಂದಿದ್ರೆ ಇನ್ನೊಬ್ರು ಎರಡೂ ಕೈಲಿ ಹೊಟ್ಟೆಯನ್ನ ಅವಳ ಎಡಗಡೆಗೆ ಸರಿಸಿ ಹಿಡ್ಕೋಬೇಕು, ಇಲ್ಲಾಂದ್ರೆ ಮಗುವಿನ ಭಾರ ದೊಡ್ಡ ರಕ್ತನಾಳದ ಮೇಲೆ ಬಿದ್ದು ರಕ್ತ ಹೃದಯಕ್ಕೆ ವಾಪಸ್ ಬರಲ್ಲ.

ಮಕ್ಕಳಿಗೆ ಎಷ್ಟು?

ಲೆಕ್ಕ ಬೇರೆ. ಎದೆಯ ಮುಂದಿನಿಂದ ಬೆನ್ನಿನವರೆಗಿನ ದಪ್ಪದಲ್ಲಿ ಮೂರನೇ ಒಂದು ಭಾಗ. ಒಂದು ವರ್ಷದೊಳಗಿನ ಕೂಸಿಗೆ ಅದು ಸುಮಾರು 4 ಸೆಂಟಿಮೀಟರ್, ಅದಕ್ಕಿಂತ ದೊಡ್ಡ ಮಕ್ಕಳಿಗೆ ಸುಮಾರು 5. ದೊಡ್ಡ ಮಕ್ಕಳಿಗೆ ಒಂದೇ ಕೈ ಸಾಕಾಗ್ಬೋದು, ಆಳ ಸಿಗ್ಲಿಲ್ಲ ಅಂದ್ರೆ ಎರಡು ಕೈ ಹಾಕಿ. ಕೂಸಿಗೆ ಎದೆ ಸುತ್ತ ಎರಡೂ ಕೈ ಬಳಸಿ ಎರಡು ಹೆಬ್ಬೆರಳಲ್ಲಿ ಒತ್ತಬೇಕು, ಕೈ ಸುತ್ತು ಬರದಿದ್ರೆ ಒಂದು ಅಂಗೈ ಬುಡದಲ್ಲಿ. ಎರಡು ಬೆರಳಲ್ಲಿ ಒತ್ತೋದನ್ನ ಮೊದ್ಲು ಹೇಳಿಕೊಡ್ತಿದ್ರು, 2025ರ ಅಮೆರಿಕನ್ ಮಾರ್ಗಸೂಚೀಲಿ ಅದನ್ನ ಕೈಬಿಟ್ಟಿದಾರೆ, ಅದ್ರಲ್ಲಿ ಆಳ ಸಿಗಲ್ಲ ಅನ್ನೋದೇ ಕಾರಣ. ಮೈನೆರೆಯೋ ವಯಸ್ಸು ದಾಟಿದ್ರೆ ದೊಡ್ಡೋರ ಲೆಕ್ಕವೇ.

ಬಾಯಿಗೆ ಬಾಯಿ ಇಟ್ಟು ಉಸಿರು ಕೊಡ್ಲೇಬೇಕಾ?

ಕಲಿಯದೇ ಇರೋರು ಇಲ್ಲಾ ಇಷ್ಟ ಇಲ್ದಿರೋರು ಬರೀ ಒತ್ತಿದ್ರೆ ಸಾಕು. ನಮ್ಮ ದೇಶದಲ್ಲಿ ಇಂಡಿಯನ್ ರಿಸಸಿಟೇಷನ್ ಕೌನ್ಸಿಲ್ ಫೆಡರೇಷನ್ ಅವ್ರು ಜನಸಾಮಾನ್ಯರಿಗೆ ಕಲಿಸೋದೂ ಬರೀ ಎದೆ ಒತ್ತೋ ವಿಧಾನವೇ, ಅದಕ್ಕೆ ಸಿಒಎಲ್ಎಸ್ ಅಂತಾರೆ. ಕಲಿತೋರು 30 ಸಲ ಒತ್ತಿ 2 ಉಸಿರು ಕೊಡ್ಲಿ. ಆದ್ರೆ ಹೇಮಾವತಿ ಹಿನ್ನೀರಲ್ಲೋ ಕೃಷಿ ಹೊಂಡದಲ್ಲೋ ಮುಳುಗಿದೋರು, ಮತ್ತೆ ಚಿಕ್ಕ ಮಕ್ಕಳು, ಇವ್ರಿಗೆ ಉಸಿರು ಕೊಡೋದು ಬಹಳ ಮುಖ್ಯ, ಅಲ್ಲಿ ಹೃದಯ ನಿಂತಿರೋದೇ ಗಾಳಿ ಇಲ್ದೆ. ಮುಳುಗಿದೋರ ಹೊಟ್ಟೆ ಅದುಮಿ ನೀರು ಕಕ್ಕಿಸೋದು, ತಲೆಕೆಳಗು ಮಾಡಿ ತಿರುಗಿಸೋದು ಇದ್ಯಲ್ಲ, ಅದ್ರಿಂದ ಹೋಗೋದು ಟೈಮ್ ಮಾತ್ರ.

ತೋಟದಲ್ಲಿ ಕರೆಂಟ್ ಹೊಡೆದ್ರೆ?

ಮೆಣಸು ಕುಯ್ಯೋ ಕಾಲದಲ್ಲಿ ಪ್ರತಿ ವರ್ಷ ಕೇಳೋ ಸುದ್ದಿ ಇದು, ಅಲ್ಯೂಮಿನಿಯಂ ಏಣಿ ಮರದಿಂದ ಮರಕ್ಕೆ ಎತ್ತಿಡುವಾಗ ಮೇಲಿನ ಲೈನಿಗೆ ತಾಗುತ್ತೆ. ಮೊದ್ಲು ನೀವು ಸಾಯ್ಬೇಡಿ. ಹಿಡಿದು ಎಳೆಯೋಕೆ ಹೋದ ಎರಡನೆಯೋರೂ ಅಲ್ಲೇ ಬಿದ್ದಿರೋದು ನಮ್ಮ ಸೀಮೇಲಿ ಹೊಸದಲ್ಲ. ಮನೆ ಲೈನ್ ಆದ್ರೆ ಮೈನ್ ಸ್ವಿಚ್ ಆಫ್ ಮಾಡಿ, ಕಂಬದ ಲೈನ್ ಆದ್ರೆ ಲೈನ್‌ಮ್ಯಾನಿಗೆ ಫೋನ್ ಮಾಡಿ ಕರೆಂಟ್ ತೆಗೆಸೋವರೆಗೂ ಹತ್ತಿರ ಹೋಗ್ಬೇಡಿ, ಚಿಕ್ಕಮಗಳೂರು ಕಡೆ ಮೆಸ್ಕಾಂ, ಹಾಸನದಲ್ಲಿ ಸೆಸ್ಕ್. ಒಣಗಿದ ಕೋಲು ಇದೆ ಅಂತ ಹೈಟೆನ್ಷನ್ ಲೈನ್ ಹತ್ರ ಧೈರ್ಯ ಮಾಡೋ ಹಾಗಿಲ್ಲ. ಎಸ್ಟೇಟ್ ರೈಟರ್, ಮೇಸ್ತ್ರಿ ಇಬ್ರ ಫೋನಲ್ಲೂ ಲೈನ್‌ಮ್ಯಾನ್ ನಂಬರ್ ಇರ್ಲೇಬೇಕು. ಕರೆಂಟ್ ಹೋಗಿದ್ದು ಖಾತ್ರಿ ಆದ ಮೇಲೆ ತಡ ಮಾಡ್ದೆ ಒತ್ತೋಕೆ ಶುರು ಮಾಡಿ. ಇವ್ರೆಲ್ಲಾ ವಯಸ್ಸಿನ ಆಳುಗಳು, ಕಾಯಿಲೆ ಇಲ್ದಿರೋ ಹೃದಯ, ಕರೆಂಟಿಂದ ಲಯ ತಪ್ಪಿ ನಿಂತಿರುತ್ತೆ, ಸರಿಯಾಗಿ ಒತ್ತಿ ಶಾಕ್ ಮೆಷಿನ್ ಸಿಕ್ಕಿದ್ರೆ ಬದುಕೋ ಅವಕಾಶ ಚೆನ್ನಾಗೇ ಇದೆ. ಮೈ ಕಪ್ಪಾಗಿದೆ, ಹೋದ ಅಂತ ಅಲ್ಲೇ ಅಳ್ತಾ ಕೂರ್ಬೇಡಿ.

ಆಂಬುಲೆನ್ಸ್ ಬರೋದು ಲೇಟ್ ಆಗುತ್ತೆ, ಜೀಪಲ್ಲಿ ಹಾಕ್ಕೊಂಡು ಹೋಗೋದೇ ಒಳ್ಳೇದಲ್ವಾ?

ಬಣಕಲ್ಲು, ಕೊಟ್ಟಿಗೆಹಾರ, ಹೆತ್ತೂರು ಕಡೆಯೋರು ಇದನ್ನ ಕೇಳೇ ಕೇಳ್ತಾರೆ, ಕೇಳೋದ್ರಲ್ಲಿ ನ್ಯಾಯ ಇದೆ. ಜೀಪಿನ ಹಿಂದಿನ ಸೀಟಲ್ಲಿ ಮಲಗಿಸ್ಕೊಂಡು ತಿರುವು ರಸ್ತೇಲಿ ಹೋಗ್ತಾ 5 ಸೆಂಟಿಮೀಟರ್ ಒತ್ತೋಕೆ ಯಾರಿಂದಾನೂ ಆಗಲ್ಲ. ಸೀಟ್ ಮೆತ್ತಗೆ, ಮಂಡಿಯೂರೋಕೆ ಜಾಗ ಇಲ್ಲ, ಹೊಂಡ ಬಂದಾಗೆಲ್ಲಾ ಕೈ ಜಾರುತ್ತೆ. ಅಂದ್ರೆ ಅಷ್ಟು ದೂರ ಸಿಪಿಆರ್ ಇಲ್ದೇನೇ ಹೋದ ಹಾಗೆ. ಅದಕ್ಕೆ ಬಿದ್ದಲ್ಲೇ ಶುರು ಮಾಡಿ, ಫೋನ್ ಸ್ಪೀಕರಿಗೆ ಹಾಕಿ 108 ಅಥವಾ 112ಕ್ಕೆ ಹೇಳಿ, ಗಾಡಿ ಎಷ್ಟು ಹೊತ್ತಿಗೆ ಬರುತ್ತೆ ಅಂತ ಕೇಳಿ, ಗೇಟ್ ಹತ್ರ ಒಬ್ಬ ಹುಡುಗನ್ನ ನಿಲ್ಲಿಸಿ, ಎಷ್ಟೋ ಸಲ ಆಂಬುಲೆನ್ಸ್ ಬಂದು ದಾರಿ ಗೊತ್ತಾಗ್ದೆ ಸುತ್ತುತ್ತೆ. ಯಾವ ಗಾಡೀನೂ ಬರಲ್ಲ ಅಂತ ಅವ್ರೇ ಹೇಳಿದ್ರೆ ಪಿಕಪ್‌ನ ಹಿಂದಿನ ಗಟ್ಟಿ ತಳದಲ್ಲಿ ಮಲಗಿಸಿ, ಇಬ್ರು ಮೂವರು ಸರದಿ ಮೇಲೆ ಒತ್ತುತ್ತಾ, ನಿಧಾನಕ್ಕೆ ಓಡಿಸ್ಕೊಂಡು ಹೋಗೋದು ಉಳಿದಿರೋ ದಾರಿ.

ಎಇಡಿ ಸಿಕ್ಕಿದ್ರೆ ಒತ್ತೋದು ನಿಲ್ಲಿಸ್ಬೋದಾ?

ಒಬ್ರು ಒತ್ತುತ್ತಾ ಇರ್ಲಿ, ಇನ್ನೊಬ್ರು ಪ್ಯಾಡ್ ಅಂಟಿಸ್ಲಿ. ಮೆಷಿನ್ ಮುಟ್ಟಬೇಡಿ ಅಂದಾಗ ಮಾತ್ರ ಕೈ ತೆಗೀರಿ. ಶಾಕ್ ಕೊಟ್ಟ ತಕ್ಷಣ ಎದ್ದು ಕೂತ್ಕೋತಾರೆ ಅಂತ ಕಾಯಬೇಡಿ, ಮತ್ತೆ ಒತ್ತೋಕೆ ಶುರು.

ವಾಟ್ಸಾಪಲ್ಲಿ ಬರುತ್ತಲ್ಲ, ಜೋರಾಗಿ ಕೆಮ್ಮಿದ್ರೆ ಹಾರ್ಟ್ ಅಟ್ಯಾಕ್ ನಿಲ್ಲುತ್ತೆ ಅಂತ?

ಸುಳ್ಳು. ಫಾರ್ವರ್ಡ್ ಮಾಡ್ಬೇಡಿ.

ಆ ಮನುಷ್ಯ ಉಳೀಲಿಲ್ಲ ಅಂದ್ರೆ ನಮ್ಮ ಮೇಲೆ ಕೇಸ್ ಆಗುತ್ತಾ?

ಈ ಭಯಕ್ಕೇ ಜನ ಹಿಂದೆ ಸರೀತಾರೆ. ತುರ್ತು ಹೊತ್ತಲ್ಲಿ ಒಳ್ಳೇ ಮನಸಿಂದ ನೆರವಾದೋರಿಗೆ ರಕ್ಷಣೆ ಕೊಡೋಕೆ ಕರ್ನಾಟಕದಲ್ಲೇ ಕಾನೂನಿದೆ, 2016ರಲ್ಲಿ ವಿಧಾನಮಂಡಲದಲ್ಲಿ ಪಾಸಾಗಿ 2018ರಲ್ಲಿ ರಾಷ್ಟ್ರಪತಿ ಅಂಕಿತ ಸಿಕ್ತು. ರಸ್ತೆ ಅಪಘಾತಕ್ಕೆ ಸಂಬಂಧಪಟ್ಟಂಗೆ ಮೋಟಾರು ವಾಹನ ಕಾಯ್ದೇಲೂ 2019ರ ತಿದ್ದುಪಡಿಯಿಂದ 134ಎ ಅನ್ನೋ ಕಲಂ ಬಂದಿದೆ.

ಒಂದ್ಸಲ ಕಲಿತ್ರೆ ಸಾಕಾ? ಮನೇಲಿ ಪ್ರಾಕ್ಟೀಸ್ ಮಾಡ್ಬೋದಾ?

ಸಾಕಾಗಲ್ಲ, ಕೆಲವೇ ತಿಂಗಳಲ್ಲಿ ಕೈ ಮರೆಯುತ್ತೆ, ಮೊದ್ಲು ಮರೆಯೋದೇ ಆಳ. ಜೀವ ಇರೋ ಮನುಷ್ಯನ ಮೇಲೆ ಮಾತ್ರ ಯಾವತ್ತೂ ಒತ್ತಿ ನೋಡ್ಬೇಡಿ, ಆಟಕ್ಕೂ ಬೇಡ. ಮನೇಲಿ ಗಟ್ಟಿ ದಿಂಬು ನೆಲದ ಮೇಲಿಟ್ಟು ಭುಜ, ಮೊಣಕೈ, ಎಣಿಕೆ ಇವನ್ನ ಅಭ್ಯಾಸ ಮಾಡ್ಬೋದು, ಆದ್ರೆ ಆಳ ಅದ್ರಲ್ಲಿ ಗೊತ್ತಾಗಲ್ಲ, ಅದಕ್ಕೆ ಡಮ್ಮಿನೇ ಬೇಕು. ಊರಲ್ಲಿ ಯುವಕ ಸಂಘ, ಸ್ತ್ರೀಶಕ್ತಿ ಸಂಘ, ಶಾಲೆ ಇದ್ರೆ ಎಲ್ರೂ ಸೇರಿ ಹತ್ತಿರದ ಆಸ್ಪತ್ರೇಲೋ ನರ್ಸಿಂಗ್ ಕಾಲೇಜಲ್ಲೋ ಕೇಳಿ ಒಂದು ದಿನ ಇಡಿಸ್ಕೊಳ್ಳಿ. ತರಬೇತಿ ಕೊಡೋರಿಗೆ ಒಂದೇ ಮಾತು ಮುಂಚೇನೇ ಹೇಳಿ, ಭಾಷಣ ಕಮ್ಮಿ ಇರ್ಲಿ, ಪ್ರತಿಯೊಬ್ರಿಗೂ 2 ನಿಮಿಷ ಪೂರ್ತಿ ಡಮ್ಮಿ ಒತ್ತೋಕೆ ಸಿಗ್ಬೇಕು ಅಂತ.

ಯಾವಾಗ ನಿಲ್ಲಿಸೋದು? ಆಂಬುಲೆನ್ಸ್ ಬಂದ ಮೇಲೆ ಏನ್ ಹೇಳ್ಬೇಕು?

ಅವ್ರು ಕೈಕಾಲು ಆಡ್ಸಿದ್ರೆ, ಸರಿಯಾಗಿ ಉಸಿರಾಡಿದ್ರೆ ನಿಲ್ಲಿಸಿ ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಉಸಿರು ನೋಡ್ತಾ ಇರಿ. ಇಲ್ಲಾ ನಿಮ್ಮ ಕೈಲಿ ಇನ್ನು ಆಗೋದೇ ಇಲ್ಲ ಅನ್ನೋವರೆಗೂ ಮಾಡಿ. 108ರ ಸ್ಟಾಫ್ ಬಂದ್ರು ಅಂತ ತಕ್ಷಣ ಎದ್ದು ನಿಲ್ಲಬೇಡಿ, ಅವ್ರು ತಮ್ಮ ಕೈ ಇಟ್ಟು “ಬಿಡಿ” ಅನ್ನೋವರೆಗೂ ಒತ್ತುತ್ತಿರಿ. ಆಮೇಲೆ ಎಷ್ಟು ಗಂಟೆಗೆ ಬಿದ್ರು, ಬಿದ್ದಿದ್ದನ್ನ ಯಾರಾದ್ರೂ ನೋಡಿದ್ರಾ, ಎಷ್ಟು ಹೊತ್ತಿಗೆ ಒತ್ತೋಕೆ ಶುರು ಮಾಡಿದ್ರಿ, ಶಾಕ್ ಕೊಟ್ಟಿದ್ರೆ ಎಷ್ಟು ಸಲ, ಬಿಪಿ ಶುಗರ್ ಮಾತ್ರೆ ಏನಾದ್ರೂ ತಗೋತಿದ್ರಾ, ಇಷ್ಟನ್ನ ಹೇಳಿ. ಮಾತ್ರೆ ಚೀಟಿ ಸಿಕ್ಕಿದ್ರೆ ಅವ್ರ ಕೈಗೇ ಕೊಟ್ಟು ಕಳ್ಸಿ.